ಲಾಲ್‌ಬಾಗ್‌ನಲ್ಲಿ ಓಡುವವರು ಮಲೆನಾಡಿನ ಕಾಡುದಾರಿಗೆ ತಯಾರಾಗುವುದು ಹೇಗೆ?

ಪ್ರತಿ ಸೀಸನ್ನಿನಲ್ಲೂ ನಮ್ಮ ಓಟದ ಗುಂಪಿನಲ್ಲಿ ಇದೇ ಕಥೆ. ಕಬ್ಬನ್ ಪಾರ್ಕ್ ಸುತ್ತಿ ಸುತ್ತಿ 21 ಕಿಲೋಮೀಟರನ್ನು ಎರಡು ಗಂಟೆಗೆ ಮುಗಿಸುವ ಗಟ್ಟಿ ಕುಳಗಳು ಚಿಕ್ಕಮಗಳೂರಿಗೆ ಹೋಗುತ್ತಾರೆ. ಅಲ್ಲಿ ಅಷ್ಟೇ ದೂರದ ಟ್ರೈಲ್ ಓಟದ, ಅಂದರೆ ಕಾಡು-ಗುಡ್ಡದ ಕಾಲುದಾರಿಯ ಓಟದ, 14ನೇ ಕಿಲೋಮೀಟರಿನಲ್ಲಿ ಕಾಫಿ ಗಿಡ ಹಿಡಿದುಕೊಂಡು ನಿಂತಿರುತ್ತಾರೆ. ಆಮೇಲೆ ಎಲ್ಲರೂ ಹೇಳುವುದು ಒಂದೇ ಮಾತು: ‘ಹತ್ತುವಾಗ ಆರಾಮಾಗಿದ್ದೆ, ಇಳಿಯುವಾಗ ಕಾಲು ಕೈಕೊಟ್ಟಿತು.’

ಕೈಕೊಡುವುದು ಇಳಿಜಾರಿನಲ್ಲೇ. ಆದರೆ ನಾವು ತಯಾರಿ ಮಾಡುವುದೆಲ್ಲ ಏರಿಗೆ. ಇನ್ನೊಂದು ತಪ್ಪು, ಎಲ್ಲರೂ ಶೂ ಖರೀದಿಯಿಂದ ಶುರು ಮಾಡುತ್ತಾರೆ. ಮೊದಲು ಲೆಕ್ಕ, ಆಮೇಲೆ ಕಾಲು, ಅದಾದ ಮೇಲೆ ಶೂ. ಕೆಳಗಿನ ಹಂತಗಳು ಅದೇ ಕ್ರಮದಲ್ಲಿವೆ. ನಿಲ್ಲದೆ 12 ಕಿ.ಮೀ. ಓಡಬಲ್ಲವರಿಗೆ ಹತ್ತು ವಾರ ಸಾಕು. ಅಷ್ಟು ಓಡಲಾಗದವರು ಮೊದಲು ಅದನ್ನು ಮುಗಿಸಿಕೊಂಡು ಬನ್ನಿ, ಕಾಡೇನೂ ಓಡಿಹೋಗುವುದಿಲ್ಲ.

ಹಂತ 1: ಪೇಸ್ (ಕಿಲೋಮೀಟರಿಗೆ ಎಷ್ಟು ನಿಮಿಷ ಅನ್ನುವುದು) ಬಿಡಿ, ಗಂಟೆ ಲೆಕ್ಕ ಹಾಕಿ

ಟ್ರೈಲ್‌ನಲ್ಲಿ ‘ಎಷ್ಟು ಕಿಲೋಮೀಟರ್?’ ಅನ್ನುವ ಪ್ರಶ್ನೆಗೆ ಅರ್ಧ ಬೆಲೆ ಮಾತ್ರ. ಇನ್ನರ್ಧ ‘ಎಷ್ಟು ಮೀಟರ್ ಏರು?’ ಅನ್ನುವುದಕ್ಕೆ. ಸುಲಭದ ಲೆಕ್ಕ ಒಂದಿದೆ. ಒಟ್ಟು ಏರಿನ ಪ್ರತಿ 100 ಮೀಟರಿಗೆ ಒಂದು ಕಿಲೋಮೀಟರ್ ಸೇರಿಸಿ. 21 ಕಿ.ಮೀ. ದಾರಿಯಲ್ಲಿ 1,000 ಮೀಟರ್ ಏರಿದ್ದರೆ ನಿಮ್ಮ ಕಾಲಿಗೆ ಅದು 31 ಕಿ.ಮೀ. ಇದ್ದ ಹಾಗೆ. ಅಂದರೆ ನೀವು ಹೋಗುತ್ತಿರುವುದು ಹಾಫ್ ಮ್ಯಾರಥಾನಿಗೆ ಅಲ್ಲವೇ ಅಲ್ಲ.

ಸಮಯಕ್ಕೆ ಇನ್ನೊಂದು ಹಳೆಯ ಸೂತ್ರ, ಬೆಟ್ಟ ನಡೆಯುವವರದ್ದು: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 20 ಕಿ.ಮೀ. ಮತ್ತು 1,200 ಮೀಟರ್ ಏರು ಅಂದರೆ ನಡೆಯುವವರಿಗೆ 4 ಮತ್ತು 2, ಒಟ್ಟು ಆರು ಗಂಟೆ. ಮೊದಲ ಸಲ ಓಡುವವರು ಅದರ ಮುಕ್ಕಾಲು ಭಾಗ ಇಟ್ಟುಕೊಳ್ಳಿ, ನಾಲ್ಕೂವರೆ ಗಂಟೆ. ನೀರು, ತಿಂಡಿ, ಕತ್ತಲಾಗುವ ಹೊತ್ತು, ಮನೆಯವರಿಗೆ ಫೋನ್ ಮಾಡುವ ಟೈಮು ಎಲ್ಲಕ್ಕೂ ಇದೇ ಆಧಾರ. ‘ಎರಡೂವರೆ ಗಂಟೆಯಲ್ಲಿ ಬಂದ್ಬಿಡ್ತೀನಿ’ ಅಂದುಕೊಂಡು ಅರ್ಧ ಲೀಟರ್ ನೀರು ಹಿಡಿದು ಹೋದವರೇ ಆ ಕಾಫಿ ಗಿಡದ ಹತ್ತಿರ ನಿಂತಿರುವುದು.

ಹಂತ 2: ಏರಿಗೆ ಮೆಟ್ಟಿಲು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೂ ನಮ್ಮ ರಸ್ತೆಗಳಲ್ಲಿ ಏರು ಅಂತ ಸಿಗುವುದು ಫ್ಲೈಓವರ್ ಮಾತ್ರ. ಅದಕ್ಕೇ ಅಪಾರ್ಟ್‌ಮೆಂಟ್ ಮೆಟ್ಟಿಲು ಹಿಡಿಯಿರಿ. ಒಂದು ಮಹಡಿ ಅಂದಾಜು 3 ಮೀಟರ್. ಹತ್ತು ಮಹಡಿಯನ್ನು ಹತ್ತು ಸಲ ಹತ್ತಿದರೆ 300 ಮೀಟರ್. ವಾರಕ್ಕೆ ಎರಡು ದಿನ ಸಾಕು. ಮೊದಲ ವಾರ ನಾಲ್ಕು ಸಲ, ಆಮೇಲೆ ವಾರಕ್ಕೆ ಒಂದೆರಡು ಸಲ ಜಾಸ್ತಿ ಮಾಡುತ್ತಾ ಹೋಗಿ. ಮೊದಮೊದಲು ಸೆಕ್ಯೂರಿಟಿಯವರು ‘ಲಿಫ್ಟ್ ಕೆಟ್ಟಿದೆಯಾ ಸಾರ್?’ ಅಂತ ಕೇಳುತ್ತಾರೆ, ಮೂರನೇ ವಾರಕ್ಕೆ ಸುಮ್ಮನಾಗುತ್ತಾರೆ.

ಇಲ್ಲಿ ಓಡಬೇಡಿ, ನಡೆಯಿರಿ. ಕೈಯನ್ನು ತೊಡೆಯ ಮೇಲಿಟ್ಟು ಒತ್ತಿಕೊಂಡು, ಬೆನ್ನು ಸ್ವಲ್ಪ ಬಾಗಿಸಿ, ಹೆಜ್ಜೆ ಚಿಕ್ಕದು ಮಾಡಿ. ಕಡಿದಾದ ಏರನ್ನು ಗೆಲ್ಲುವವರೂ ನಡೆದೇ ಹತ್ತುತ್ತಾರೆ, ಇದರಲ್ಲಿ ನಾಚಿಕೆ ಏನಿಲ್ಲ. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಆಗದಿದ್ದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ.

ಹಂತ 3: ಇಳಿಯುವುದನ್ನು ಕಲಿಯಿರಿ

ಎಲ್ಲರೂ ಬಿಡುವ ಹಂತ ಇದೇ. ಹತ್ತು ಮಹಡಿ ಹತ್ತಿ ಲಿಫ್ಟ್‌ನಲ್ಲಿ ಕೆಳಗೆ ಬರುತ್ತಾರೆ! ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಮೈಭಾರವನ್ನು ತಡೆದು ಹಿಡಿಯುತ್ತಲೇ ಉದ್ದಕ್ಕೆ ಹಿಗ್ಗುತ್ತಾ ಹೋಗುತ್ತದೆ, ಬ್ರೇಕ್ ಒತ್ತಿಕೊಂಡೇ ಘಾಟಿ ಇಳಿಯುವ ಬಸ್ಸಿನ ಹಾಗೆ. ಈ ಬ್ರೇಕ್ ಕೆಲಸದಲ್ಲೇ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುವುದು. ನೋವು ಆಗಲೇ ಗೊತ್ತಾಗುವುದಿಲ್ಲ, ಒಂದೆರಡು ದಿನ ಬಿಟ್ಟು ಬರುತ್ತದೆ. ಕಮೋಡ್ ಮೇಲೆ ಕೂರಲು ಗೋಡೆ ಹಿಡಿಯಬೇಕಾದ ಆ ನೋವು, ಅನುಭವಿಸಿದವರಿಗೆ ಗೊತ್ತು.

ಒಳ್ಳೆಯ ಸುದ್ದಿ ಏನೆಂದರೆ, ಒಮ್ಮೆ ಹೀಗೆ ಪೆಟ್ಟು ತಿಂದು ಸುಧಾರಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸವನ್ನು ಬಹಳ ಕಡಿಮೆ ನೋವಿನಲ್ಲಿ ಮಾಡುತ್ತದೆ. ಹಾಗಾಗಿ ಓಟಕ್ಕೆ ಎರಡು ಮೂರು ವಾರ ಮುಂಚೆ ಒಂದು ಉದ್ದದ ಇಳಿತ ಆಗಲೇಬೇಕು. ಕೊನೆಯ ವಾರದಲ್ಲಿ ಮಾತ್ರ ಇದನ್ನು ಮಾಡಲೇಬೇಡಿ.

ಕಲಿಯುವ ರೀತಿ ಹೀಗೆ. ಮೊದಲ ಮೂರು ವಾರ ಮೆಟ್ಟಿಲನ್ನು ನಡೆದೇ ಇಳಿಯಿರಿ, ಮೊಣಕಾಲು ಸ್ವಲ್ಪ ಬಾಗಿರಲಿ, ಧಪ್ ಧಪ್ ಅಂತ ಸದ್ದು ಬರಬಾರದು. ಸದ್ದು ಬಂತು ಅಂದರೆ ಭಾರವೆಲ್ಲ ಮೂಳೆಗೆ, ಸಂದಿಗೆ ಹೋಗುತ್ತಿದೆ ಅಂತ. ಆಮೇಲೆ ತುರಹಳ್ಳಿ ಕಾಡಿಗೆ ಹೋಗಿ, ಕನಕಪುರ ರಸ್ತೆ ಕಡೆಯವರಿಗೆ ಮನೆಯ ಹಿತ್ತಲಿದ್ದ ಹಾಗೆ ಅದು. ಅಲ್ಲಿಯ ಬಂಡೆ ಮೇಲಿನ ನೊರಜುಗಲ್ಲಿನಲ್ಲಿ ಇಳಿಯುವುದನ್ನು ಕಲಿತರೆ ಮಲೆನಾಡಿನ ಒಣದಾರಿ ಸಲೀಸು. ಗೇಟಿನ ಫಲಕ ಓದಿ, ಮುಚ್ಚಿದ ಜಾಗಕ್ಕೆ ನುಗ್ಗಬೇಡಿ, ಬೆಳಕು ಹರಿದ ಮೇಲೇ ಹೋಗಿ. ಅಲ್ಲಿ ಚಿರತೆ ಕಾಣಿಸಿಕೊಂಡದ್ದಿದೆ.

ಹೆಜ್ಜೆ ಚಿಕ್ಕದಾಗಿ, ಬೇಗ ಬೇಗ ಬೀಳಲಿ. ಕಣ್ಣು ಪಾದದ ಮೇಲಲ್ಲ, ಎರಡು ಮೂರು ಮೀಟರ್ ಮುಂದೆ ಇರಲಿ. ಕೈ ಅಗಲಿಸಿ, ಕೋಳಿ ರೆಕ್ಕೆ ಹರಡಿದ ಹಾಗೆ ಕಂಡರೂ ಪರವಾಗಿಲ್ಲ. ಹೆದರಿಕೆಗೆ ಮೈ ಹಿಂದಕ್ಕೆ ಹೋಗುತ್ತದೆ, ಹಿಂದಕ್ಕೆ ಹೋದರೆ ಹಿಮ್ಮಡಿ ಮೊದಲು ಬಿದ್ದು ಜಾರುತ್ತದೆ, ಜಾರಿದರೆ ಹೆದರಿಕೆ ಇನ್ನೂ ಜಾಸ್ತಿ. ಪಾದ ಮೈಯ ಕೆಳಗೇ ಬೀಳಬೇಕು, ಮುಂದೆ ಚಾಚಬಾರದು.

ಆರನೇ ಏಳನೇ ವಾರಕ್ಕೆ ನಂದಿಬೆಟ್ಟ. 1,478 ಮೀಟರ್ ಎತ್ತರದ ಈ ಬೆಟ್ಟಕ್ಕೆ ಸುಲ್ತಾನಪೇಟೆ ಕಡೆಯಿಂದ ಮೆಟ್ಟಿಲ ದಾರಿ ಇದೆ. ಹತ್ತಿ, ಇಳಿದು, ಮತ್ತೆ ಹತ್ತಿ, ಇಳಿಯಿರಿ. ನಾನು ಮೊದಲ ಸಲ ಎರಡನೇ ಇಳಿತದಲ್ಲಿ ಮೊಣಕಾಲು ನಡುಗಿ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದೆ. ಅಲ್ಲಿ ನಡುಗಿದ್ದು ಒಳ್ಳೆಯದೇ ಆಯಿತು, ಕೆಳಗೆ ಎಳನೀರಿನ ಗಾಡಿ ಇತ್ತು.

ಸಾವನದುರ್ಗವನ್ನು ಓಟದ ಅಭ್ಯಾಸಕ್ಕೆ ಆರಿಸಬೇಡಿ. ಅದು ಒಂದೇ ಬೋಳು ಬಂಡೆ. ಮಳೆ ಬಿದ್ದರೆ ಜಾರಿದವರಿಗೆ ಹಿಡಿದುಕೊಳ್ಳಲು ಏನೂ ಇಲ್ಲ.

ಹಂತ 4: ಈಗ ಶೂ

ಸಂಜೆ ಹೊತ್ತು ಅಂಗಡಿಗೆ ಹೋಗಿ. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ, ಓಟದಲ್ಲೂ ಹಾಗೇ ಊದುತ್ತದೆ. ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇರಲಿ. ತಳದ ಹಲ್ಲು 4-5 ಮಿಲಿಮೀಟರ್ ಇದ್ದರೆ ಮಲೆನಾಡಿನ ಮಣ್ಣಿಗೆ ಸರಿ. ಆದರೆ ಪಾಚಿ ಹಿಡಿದ ಒದ್ದೆ ಕಲ್ಲಿನ ಮೇಲೆ ಯಾವ ಹಲ್ಲೂ ಹಿಡಿಯುವುದಿಲ್ಲ, ಎಷ್ಟೇ ಬೆಲೆಯ ಶೂ ಆಗಲಿ. ಅಲ್ಲಿ ನಡೆಯುವುದೊಂದೇ ದಾರಿ. ‘ವಾಟರ್‌ಪ್ರೂಫ್’ ಶೂ ಬೇಡ. ಹಳ್ಳ ದಾಟಿದಾಗ ಮೇಲಿನಿಂದ ನೀರು ತುಂಬುತ್ತದೆ, ಆಮೇಲೆ ಹೊರಗೆ ಹೋಗುವುದಿಲ್ಲ.

ಹತ್ತಿಯ ಕಾಲುಚೀಲ ಒದ್ದೆಯಾದರೆ ಬೊಕ್ಕೆ ಗ್ಯಾರಂಟಿ. ಸಿಂಥೆಟಿಕ್ ಅಥವಾ ಉಣ್ಣೆಯದ್ದು ತೆಗೆದುಕೊಳ್ಳಿ. ಉಗುರನ್ನು ಎರಡು ಮೂರು ದಿನ ಮುಂಚೆ ಕತ್ತರಿಸಿ. ಲೇಸನ್ನು ಮೇಲಿನ ಕೊನೆಯ ತೂತಿಗೂ ಹಾಕಿ, ಹಿಮ್ಮಡಿ ಅಲ್ಲಾಡದ ಹಾಗೆ ಬಿಗಿಯಿರಿ. ಇವೆರಡನ್ನೂ ನಾನು ಮಾಡದೆ ಮುಳ್ಳಯ್ಯನಗಿರಿ ಕಡೆಯ ಒಂದು ಉದ್ದ ಇಳಿತಕ್ಕೆ ಹೋಗಿದ್ದೆ. ಪ್ರತಿ ಹೆಜ್ಜೆಗೂ ಹೆಬ್ಬೆರಳು ಶೂನ ಮೂತಿಗೆ ಗುದ್ದಿ ಗುದ್ದಿ, ರಾತ್ರಿಗೆ ಎರಡೂ ಉಗುರು ನೇರಳೆಹಣ್ಣಿನ ಬಣ್ಣ. ಎರಡು ತಿಂಗಳಿಗೆ ಬಿದ್ದುಹೋದವು.

ಹೊಸ ಶೂ ಹಾಕಿಕೊಂಡು ಓಟಕ್ಕೆ ಹೋಗಬೇಡಿ. ಕಡಿಮೆ ಅಂದರೂ 50 ಕಿ.ಮೀ. ಅದರಲ್ಲಿ ಓಡಿರಬೇಕು.

ಹಂತ 5: ಬೆನ್ನಿನ ಚೀಲ

ಒಂದೂವರೆ ಲೀಟರ್ ನೀರು ಹಿಡಿಯುವ, ಮೈಗೆ ಅಂಟಿ ಕೂರುವ ಚೀಲ. ಆಫೀಸಿನ ಲ್ಯಾಪ್‌ಟಾಪ್ ಬ್ಯಾಗ್ ತರುವವರು ಇನ್ನೂ ಇದ್ದಾರೆ, ಹತ್ತು ನಿಮಿಷಕ್ಕೆ ಭುಜ ಕಿತ್ತು ಬರುತ್ತದೆ. ಒಳಗೆ ಇರಲೇಬೇಕಾದವು: ಸೀಟಿ, ಕ್ರೇಪ್ ಬ್ಯಾಂಡೇಜ್, ತೆಳು ಮಳೆ ಜಾಕೆಟ್, ಓಆರ್‌ಎಸ್ ಪೊಟ್ಟಣ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಫೋನ್, ಐನೂರು ರೂಪಾಯಿ ನಗದು, ಮತ್ತು ತಲೆಗೆ ಕಟ್ಟುವ ಟಾರ್ಚ್. ಬೆಳಿಗ್ಗೆ ಓಟಕ್ಕೂ ಟಾರ್ಚ್ ಬೇಕು. ಕಾಡಿನೊಳಗೆ ಬಯಲಿಗಿಂತ ಬೇಗ ಕತ್ತಲಾಗುತ್ತದೆ.

ಒಂದು ಸಲ ಹಾಗೆ ಕತ್ತಲಾದಾಗ ನನ್ನ ಹತ್ತಿರ ಟಾರ್ಚ್ ಇತ್ತು, ಆದರೆ ಚೀಲದೊಳಗೆ ಬಾಳೆಹಣ್ಣಿನ ಒತ್ತಡಕ್ಕೆ ತಾನೇ ಆನ್ ಆಗಿ, ಬೇಕಾದಾಗ ಸತ್ತಿತ್ತು. ಫೋನಿನ ಬೆಳಕಿನಲ್ಲಿ ಮೂರು ಕಿಲೋಮೀಟರ್ ಇಳಿದೆ. ಅವತ್ತಿನಿಂದ ಒಂದು ಬ್ಯಾಟರಿಯನ್ನು ತಿರುಗಿಸಿ ಹಾಕಿಟ್ಟಿರುತ್ತೇನೆ.

ಹಂತ 6: ತಿನ್ನುವುದು, ಕುಡಿಯುವುದು

ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಹೊಟ್ಟೆಗೆ ಹೋಗಬೇಕು. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಓಟಗಾರರು ಹೀರುವ ಸಕ್ಕರೆಯ ಜೆಲ್ ಹೊಟ್ಟೆಗೆ ಆಗದವರಿಗೆ ಕಡ್ಲೆ ಚಿಕ್ಕಿ, ಖರ್ಜೂರ, ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ. ನಾನಂತೂ ಪುಳಿಯೋಗರೆಯನ್ನು ಚಿಕ್ಕ ಚಿಕ್ಕ ಉಂಡೆ ಕಟ್ಟಿ ಕವರಿನಲ್ಲಿ ಇಟ್ಟುಕೊಳ್ಳುತ್ತೇನೆ. ಮೂರು ಗಂಟೆ ಆದಮೇಲೆ ಸಿಹಿ ಕಂಡರೆ ವಾಕರಿಕೆ ಬರುತ್ತದಲ್ವಾ, ಆಗ ಇದರ ರುಚಿಯೇ ಬೇರೆ. ಹಸಿವಾಗುವವರೆಗೂ ಕಾಯಬೇಡಿ. ಮೊದಲ ತುತ್ತು 40ನೇ ನಿಮಿಷಕ್ಕೆ.

ನೀರು ಗಂಟೆಗೆ ಅರ್ಧ ಲೀಟರಿನ ಸುತ್ತಮುತ್ತ, ಬಿಸಿಲು ಜಾಸ್ತಿ ಇದ್ದರೆ ಇನ್ನಷ್ಟು. ಬರೀ ನೀರನ್ನೇ ಸುರಿದುಕೊಳ್ಳುತ್ತಿದ್ದರೆ ರಕ್ತದಲ್ಲಿ ಸೋಡಿಯಂ ಇಳಿದುಹೋಗುತ್ತದೆ. ಓಆರ್‌ಎಸ್‌ನ ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಅದನ್ನು ಅರ್ಧ ಲೀಟರಿಗೆ ಕಲಸಿ ‘ಸ್ಟ್ರಾಂಗ್’ ಮಾಡಿಕೊಳ್ಳುವವರು ಹೊಟ್ಟೆ ಕೆಡಿಸಿಕೊಳ್ಳುತ್ತಾರೆ. ಓಟದ ಮುಂಚೆಯಾಗಲಿ ಮಧ್ಯದಲ್ಲಾಗಲಿ ನೋವಿನ ಮಾತ್ರೆ ನುಂಗಬೇಡಿ. ಐಬುಪ್ರೊಫೆನ್ ಜಾತಿಯ ಮಾತ್ರೆ, ಬೆವರಿ ಒಣಗಿದ ಮೈ, ಎರಡೂ ಸೇರಿದರೆ ಏಟು ಬೀಳುವುದು ಕಿಡ್ನಿಗೆ.

ಹಂತ 7: ಅನುಮತಿ, ಕಾಲ, ದಾರಿ

ಕುದುರೆಮುಖ ರಾಷ್ಟ್ರೀಯ ಉದ್ಯಾನ, ಕುಮಾರಪರ್ವತ ಇರುವ ಪುಷ್ಪಗಿರಿ ವನ್ಯಜೀವಿಧಾಮ, ಇಂಥ ಕಡೆ ಅನುಮತಿ ಇಲ್ಲದೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಚಾರಣದ ದಾರಿಗಳಿಗೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಇದೆ, ದಿನಕ್ಕೆ ಇಂತಿಷ್ಟೇ ಜನ. ಬುಕ್ ಮಾಡಿದ ಮೇಲೂ ಹಿಂದಿನ ದಿನ ಫೋನ್ ಮಾಡಿ ಕೇಳಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ, ಮಳೆಗಾಲದಲ್ಲಿ ಗುಡ್ಡ ಕುಸಿತದ ಭಯಕ್ಕೆ ದಾರಿ ಮುಚ್ಚಿರುತ್ತಾರೆ. ಕಾಫಿ ತೋಟವೂ ಯಾರದ್ದೋ ಸ್ವಂತ ಜಾಗ. ಉಣುಗೋಲು (ಬೇಲಿಯ ಅಡ್ಡಗಳು) ಸರಿಸಿ ಒಳಗೆ ಹೋದರೆ ಮತ್ತೆ ಮುಚ್ಚಿ, ಕರೆಂಟ್ ಬೇಲಿ ಮುಟ್ಟಬೇಡಿ.

ಮೊದಲ ಸಲದವರಿಗೆ ನವೆಂಬರಿನಿಂದ ಜನವರಿ ಒಳ್ಳೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್ ಉಂಬಳದ, ಅಂದರೆ ಜಿಗಣೆಯ ಕಾಲ. ಹತ್ತಿದ ಉಂಬಳವನ್ನು ಎಳೆದು ಕೀಳಬೇಡಿ, ಬಾಯಿಯ ಪಕ್ಕ ಉಗುರು ಹಾಕಿ ಜಾರಿಸಿ. ಅದು ಬಿಡುವ ರಸದಿಂದ ರಕ್ತ ಹೆಪ್ಪುಗಟ್ಟುವುದಿಲ್ಲ, ಕಾಲುಚೀಲ ಕೆಂಪಗಾಗಿದ್ದು ನೋಡಿ ಗಾಬರಿ ಬೀಳಬೇಡಿ. ಅದಕ್ಕಿಂತ ಗಂಭೀರ ವಿಷಯ ಒಣಗಾಲದ ಉಣ್ಣೆಹುಳ. ಮಂಗನ ಕಾಯಿಲೆ ಹರಡುವುದು ಅದರಿಂದಲೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಚಳಿಗಾಲದಿಂದ ಬೇಸಿಗೆಯವರೆಗೆ ಜಾಸ್ತಿ. ಮಂಗ ಸತ್ತ ಸುದ್ದಿ ಇರುವ ಕಡೆ ಓಟ ಬೇಡವೇ ಬೇಡ.

ದಾರಿಯ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡು, ಇಂಟರ್‌ನೆಟ್ ಇಲ್ಲದೆ ತೆರೆಯುತ್ತದಾ ಅಂತ ಮನೆಯಲ್ಲೇ ನೋಡಿ. ನೆಟ್‌ವರ್ಕ್ ಇಲ್ಲದ ಕಡೆ ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಸಿಗ್ನಲ್ ಹುಡುಕುತ್ತಲೇ ಬ್ಯಾಟರಿ ಮುಗಿಯುತ್ತದೆ. ಊರಿನವರನ್ನು ದಾರಿ ಕೇಳಿ, ದೂರ ಕೇಳಬೇಡಿ. ‘ಇಲ್ಲೇ ಮಾರಾಯ್ರೆ, ಹತ್ರ’ ಅಂದರೆ ನಾಲ್ಕು ಕಿಲೋಮೀಟರೂ ಇರಬಹುದು.

ಹಂತ 8: ಓಟದ ದಿನ

ಬೆಳಕಾದ ಮೇಲೆ ಶುರು ಮಾಡಿ. ಮುಂಜಾನೆಯ ಮಬ್ಬು, ಸಂಜೆಯ ಮಬ್ಬು ಎರಡೂ ಆನೆ, ಕಾಟಿ (ಕಾಡುಕೋಣ) ಓಡಾಡುವ ಹೊತ್ತು. ಸಕಲೇಶಪುರ, ಆಲೂರು, ಬೇಲೂರು ಕಡೆಯ ತೋಟಗಳಲ್ಲಿ ಆನೆ ದಿನನಿತ್ಯದ ಸಂಗತಿ. ಹೋಂಸ್ಟೇಯವರಿಗೆ ಅವತ್ತು ಆನೆ ಯಾವ ಕಡೆ ಇದೆ ಅಂತ ಗೊತ್ತಿರುತ್ತದೆ, ಕೇಳದೆ ಹೊರಡಬೇಡಿ. ಕಿವಿಗೆ ಹಾಡು ಬೇಡ. ಕೊಂಬೆ ಮುರಿಯುವ ಸದ್ದು, ಹಸಿ ಲದ್ದಿ, ಕಟುವಾದ ವಾಸನೆ, ಇವುಗಳಲ್ಲಿ ಯಾವುದು ಸಿಕ್ಕಿದರೂ ಬಂದ ದಾರಿಯಲ್ಲೇ ಮೆಲ್ಲಗೆ ವಾಪಸ್. ಒಂಟಿ ಕಾಟಿ ದಾರಿಯಲ್ಲಿ ನಿಂತಿದ್ದರೆ ಅದಕ್ಕೇ ದಾರಿ ಬಿಡಿ, ಫೋಟೋ ಆಮೇಲೆ.

ಮೊದಲ ಗಂಟೆ ನಿಮಗೆ ಬೇಸರ ಬರುವಷ್ಟು ನಿಧಾನ ಇರಲಿ. ಎಲ್ಲರೂ ಹಿಂದೆ ಹಾಕುತ್ತಾರೆ, ಹಾಕಲಿ. ಬೇರನ್ನು ತುಳಿಯಬೇಡಿ, ದಾಟಿ. ಒದ್ದೆ ಎಲೆ ರಾಶಿಯ ಕೆಳಗೆ ಏನಿದೆಯೋ ಗೊತ್ತಿಲ್ಲ, ಅಲ್ಲಿ ವೇಗ ಇಳಿಸಿ. ಕಾಲುಸಂಕದ (ಹಳ್ಳ ದಾಟುವ ಕಿರುಸೇತುವೆಯ) ಮೇಲೆ ಒಬ್ಬೊಬ್ಬರೇ, ನಡೆದು. ಒಂದೇ ದಿನ ಎರಡು ಸಲ ಎಡವಿದಿರಿ ಅಂದರೆ ದಣಿದಿದ್ದೀರಿ ಅಂತ ಲೆಕ್ಕ. ಹತ್ತು ನಿಮಿಷ ನಡೆಯಿರಿ, ಏನಾದರೂ ತಿನ್ನಿ.

ಹಂತ 9: ಎಲ್ಲಿ ನಿಲ್ಲಿಸಬೇಕು

ಕಾಲು ನೋವು, ಸುಸ್ತು, ಸ್ನಾಯು ಹಿಡಿತ ಇವೆಲ್ಲ ಮಾಮೂಲಿ. ನಡೆದರೆ ಮುಗಿಯುತ್ತದೆ. ಕೆಳಗಿನವು ಹಾಗಲ್ಲ.

ಬಿಸಿಲಿನಲ್ಲಿ ಮಾತು ತೊದಲುವುದು, ಕೇಳಿದ್ದಕ್ಕೆ ಇನ್ನೇನೋ ಉತ್ತರ ಕೊಡುವುದು, ತೂರಾಡುವುದು. ಇದು ಹೀಟ್ ಸ್ಟ್ರೋಕ್ ಇರಬಹುದು. ನೆರಳಿಗೆ ಎಳೆದು, ಮೈಗೆಲ್ಲ ನೀರು ಹಾಕಿ, ಗಾಳಿ ಬೀಸುತ್ತಲೇ 108ಕ್ಕೆ ಫೋನ್ ಮಾಡಿ. ‘ಸ್ವಲ್ಪ ಕೂತರೆ ಸರಿಹೋಗುತ್ತೆ’ ಅಂತ ಕಾಯಬೇಡಿ.

ಬೆರಳು ಊದಿ ಉಂಗುರ ಬಿಗಿಯಾಗುವುದು, ತಲೆನೋವು, ವಾಂತಿ, ಹೊಟ್ಟೆಯಲ್ಲಿ ನೀರು ಗುಳುಗುಳು. ಸೋಡಿಯಂ ಇಳಿದಿರಬಹುದು. ಜೊತೆಯವರು ಪಾಪ, ಇನ್ನೂ ನೀರು ಕುಡಿಸುತ್ತಾರೆ, ಅದರಿಂದ ಇನ್ನೂ ಕೆಡುತ್ತದೆ. ನೀರು ನಿಲ್ಲಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮಳೆ, ಗಾಳಿ ಇರುವ ಬೋಳುಗುಡ್ಡದ ಮೇಲೆ ನಡುಕ ನಿಲ್ಲದೆ, ಜಾಕೆಟ್ಟಿನ ಜಿಪ್ ಎಳೆಯಲು ಬೆರಳು ಮಾತು ಕೇಳದಿದ್ದರೆ ತಕ್ಷಣ ಕೆಳಗಿಳಿಯಿರಿ. ಮುಳ್ಳಯ್ಯನಗಿರಿ 1,930 ಮೀಟರ್, ಕರ್ನಾಟಕದಲ್ಲಿ ಅದಕ್ಕಿಂತ ಎತ್ತರ ಇನ್ನೊಂದಿಲ್ಲ. ಜುಲೈನಲ್ಲಿ ಅಲ್ಲಿಯ ಗಾಳಿಗೆ ಬೆಂಗಳೂರಿನ ಟೀ ಶರ್ಟ್ ಯಾವ ಲೆಕ್ಕಕ್ಕೂ ಇಲ್ಲ. ಗುಡುಗು ಕೇಳಿದರೂ ಅಷ್ಟೇ, ನೆತ್ತಿಯಿಂದ ಇಳಿಯಿರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ.

ಹಾವು ಕಚ್ಚಿದರೆ ಕುಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕಾಲನ್ನು ಅಲ್ಲಾಡಿಸದೆ, ಹೊತ್ತುಕೊಂಡಾದರೂ ವಾಹನದವರೆಗೆ ತನ್ನಿ. ಹತ್ತಿರದ ತಾಲ್ಲೂಕು ಆಸ್ಪತ್ರೆ ಎಲ್ಲಿದೆ ಅಂತ ಹಿಂದಿನ ದಿನವೇ ನೋಡಿಟ್ಟುಕೊಂಡಿರಬೇಕು.

ಹಂತ 10: ವಾಪಸ್ ಬರುವುದು

ಓಡಿದ ದಿನವೇ ಕಾರು ಓಡಿಸಿಕೊಂಡು ಬೆಂಗಳೂರಿಗೆ ಬರುವ ಯೋಚನೆ ಬಿಡಿ. ಚಿಕ್ಕಮಗಳೂರಿನಿಂದ ಐದು ಗಂಟೆ ದಾರಿ, ಹಾಸನ ದಾಟುವಷ್ಟರಲ್ಲಿ ನಿದ್ದೆ ಎಳೆಯುತ್ತದೆ, ಕ್ಲಚ್ ಒತ್ತುವಾಗಲೇ ಕಾಲು ಹಿಡಿದುಕೊಳ್ಳುತ್ತದೆ. ಬಸ್ಸಿನಲ್ಲಿ ಕಿಟಕಿ ಸೀಟಲ್ಲ, ನಡುದಾರಿಯ ಕಡೆಯ ಸೀಟು ಬುಕ್ ಮಾಡಿ. ಕಾಲು ಚಾಚಬಹುದು.

ಬಸ್ ಹತ್ತುವ ಮುಂಚೆ ಸ್ನಾನ. ಮೊಣಕಾಲಿನ ಹಿಂದೆ, ತೊಡೆಸಂದು, ಕಂಕುಳು, ಕಿವಿಯ ಹಿಂದೆ ಉಣ್ಣೆಹುಳ ಇದೆಯಾ ಅಂತ ಬೆರಳಾಡಿಸಿ ನೋಡಿ. ಓಡಿದ ಬಟ್ಟೆಯನ್ನು ಬೇರೆ ಕವರಿಗೆ ಕಟ್ಟಿ, ಮನೆಗೆ ಬಂದು ಬಿಸಿನೀರಿನಲ್ಲಿ ಒಗೆಯಿರಿ. ಮುಂದಿನ ಒಂದೆರಡು ವಾರದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ‘ಮಲೆನಾಡಿನ ಕಾಡಿಗೆ ಹೋಗಿದ್ದೆ’ ಅಂತ ನೀವೇ ಹೇಳಬೇಕು. ಬೆಂಗಳೂರಿನ ಕ್ಲಿನಿಕ್ಕಿನಲ್ಲಿ ಅವರಾಗಿ ಕೇಳುವುದಿಲ್ಲ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಮರುದಿನದವರೆಗೂ ಕಾಯಬೇಡಿ, ಬಸ್ಸು ಬಿಟ್ಟು ಅಲ್ಲಿಯ ಆಸ್ಪತ್ರೆಗೇ ಹೋಗಿ.